ಸುಳ್ಳು ಹೇಳುವ ಮುಳ್ಳು

ಆ ಭಾನುವಾರ ಓರಿನ್ ಚರ್ಚಿಗೆ ಬರಲಿಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಪ್ರಾರ್ಥನೆ ಮುಗಿದದ್ದೇ ಅವನ ಮನೆಗೆ ಹೋದೆ. ಹಿಂಬಾಗಿಲು ಎಂದಿನಂತೆ ತೆರೆದೇ ಇತ್ತು. ನೆಲಮಾಳಿಗೆಯ ದೀಪ ಉರಿಯುತ್ತಿತ್ತು.

ಮೆಟ್ಟಿಲಿನ ಮೇಲಿಂದಲೇ ಕಂಡ. ಹಳೆಯ ಕುರ್ಚಿಯಲ್ಲಿ ಕೂತಿದ್ದ. ತಲೆ ಎದೆಗೆ ಬಾಗಿತ್ತು. ಎದುರಿಗೆ ಅಮ್ಮನ ಡಿಶ್‌ವಾಷರ್.

"ಓರಿನ್," ಅಂದೆ. ಕೈ ಮುಟ್ಟಿದೆ. ತಣ್ಣಗಿತ್ತು.

ನಾನು ಆರ್ಡಿಸ್ ಸ್ಕೌಗ್. ಊರಿನ ವಾರಪತ್ರಿಕೆಯಲ್ಲಿ ಸಾವಿನ ಸುದ್ದಿ ಬರೆಯುವವಳು. ಈ ಊರಿನಲ್ಲಿ ಯಾರು ಯಾವುದರಿಂದ ಸತ್ತರು ಅನ್ನುವುದು ಪಾದ್ರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಓರಿನ್ ನನ್ನ ತಮ್ಮ, ನನಗೆ ಉಳಿದಿದ್ದ ಒಬ್ಬನೇ ಒಬ್ಬ. ಅವನಿಗೆ ಊಟ ಮಾಡಿಸಿದ್ದು, ಶಾಲೆಗೆ ಕೈಹಿಡಿದು ಕರೆದೊಯ್ದದ್ದು ನಾನು. ಅಮ್ಮ ಆಗ ಹೆದ್ದಾರಿಯ ಹೋಟೆಲಿನಲ್ಲಿ ಬೇರೆಯವರ ತಟ್ಟೆ ತೊಳೆಯುತ್ತಿದ್ದಳು. ಅವಳ ಕೈ ಸದಾ ಕೆಂಪಗೆ ಬಾತು ಸುಕ್ಕುಗಟ್ಟಿರುತ್ತಿತ್ತು. ಕೊನೆಗೊಮ್ಮೆ ತನ್ನ ಮನೆಗೆ ಅಂತ ಈ ಯಂತ್ರ ತಂದಳು. ಐವತ್ತೈದನೇ ಇಸವಿಯ ವಿಕ್‌ಲಂಡ್ ಕಂಪನಿಯದ್ದು, ಬೆಣ್ಣೆ ಬಣ್ಣದ್ದು. ಅವಳು ಹೋದ ಮೇಲೆ ಅದು ಕೆಟ್ಟು ಕೂತಿತ್ತು. ಓರಿನ್ ಅದನ್ನು ಮತ್ತೆ ಓಡಿಸುತ್ತೇನೆ ಅಂತ ಹಟ ಹಿಡಿದಿದ್ದ. ಮೂಲ ಬಿಡಿಭಾಗ ಎಲ್ಲೂ ಸಿಗುವುದಿಲ್ಲ. ಬೇರೆ ಬೇರೆ ಮಾದರಿಗಳ ಭಾಗ ಕಿತ್ತು ತಂದು ಇದಕ್ಕೆ ಕಸಿ ಮಾಡುತ್ತಿದ್ದ.

ಡೆಪ್ಯುಟಿ ಶೆರಿಫ್ ಬ್ರಾಡಿ ಹೌಗೆನ್ ಬಂದ. ಭಾನುವಾರದ ಶಾಲೆಯಲ್ಲಿ ನನ್ನ ಕೈಲಿ ಕಿವಿ ಹಿಂಡಿಸಿಕೊಂಡು ಬೆಳೆದವನು.

"ಹೃದಯ, ಆರ್ಡಿಸ್ ಆಂಟಿ," ಅಂದ. "ಮೊದಲೇ ವೀಕ್ ಇತ್ತಲ್ಲ. ನೋವಿಲ್ಲದ ಸಾವು ಅಂದ್ಕೊಳ್ಳಿ."

"ಆ ಯಂತ್ರದ ಬಾಗಿಲು ಯಾಕೋ ಮುಚ್ಚಿದೆ?"

"ಯಂತ್ರ ಅಂದ್ಮೇಲೆ ಬಾಗಿಲು ಮುಚ್ಚಿರುತ್ತೆ ಆಂಟಿ."

"ಇದರದ್ದು ಇರಲ್ಲ. ಸುತ್ತಲಿನ ರಬ್ಬರ್ ಚಪ್ಪಟೆ ಆಗುತ್ತೆ ಅಂತ ಅವನು ಸದಾ ಮರದ ಸೌಟು ಸಿಕ್ಕಿಸಿ ಬಾಗಿಲು ಅರೆತೆರೆದು ಇಡ್ತಿದ್ದ. ಆ ಸೌಟು ನೋಡು, ಕೆಳಗೆ ಬಿದ್ದಿದೆ."

ಬಾಗಿಲು ತೆಗೆಯಲು ಹೋದೆ. ಹಿಡಿಕೆಯನ್ನು ಕೆಳಗೆ ಒತ್ತಿ ಎಳೆದೆ. ವಿಕ್‌ಲಂಡ್ ಯಂತ್ರ ತೆರೆಯುವುದೇ ಹಾಗೆ. ಜಪ್ಪಯ್ಯ ಅನ್ನಲಿಲ್ಲ. ಬ್ರಾಡಿ ಒತ್ತಿದ, ಗುದ್ದಿದ, ಒದೆಯಲು ಕಾಲೆತ್ತಿದ. ಅವನ ಕಾಲಿಗೆ ಬಯ್ಯುತ್ತಾ ನಾನು ಹಿಡಿಕೆಯನ್ನು ಸಿಟ್ಟಿನಿಂದ ಮೇಲಕ್ಕೆ ಜಗ್ಗಿದೆ. ಪಟ್ಟನೆ ತೆರೆದುಕೊಂಡಿತು.

ಒಳಗೆ ಎರಡು ಕಾಫಿ ಕಪ್ಪು, ಒಂದು ತಟ್ಟೆ. ಎಲ್ಲವೂ ಒಣಗಿದ್ದವು. ಕಪ್ಪುಗಳ ತಳದಲ್ಲಿ ಕಂದು ಕಲೆ ಸುಟ್ಟು ಅಂಟಿಕೊಂಡಿತ್ತು. ಸೋಪಿನ ಪುಡಿ ಹಾಕಿದ ಹಾಗೇ ಇತ್ತು, ಒಂದು ಹನಿ ನೀರು ಸೋಕಿರಲಿಲ್ಲ. ಮುಂಭಾಗದಲ್ಲಿ ತಿರುಗಿಸುವ ಗುಂಡಿಯ ಮುಳ್ಳು 'ಜಾಲಿಸು' ಅನ್ನುವ ಕಡೆ ನಿಂತಿತ್ತು.

"ಅರ್ಧದಲ್ಲಿ ಕೆಟ್ಟು ನಿಂತಿದೆ," ಅಂದ ಬ್ರಾಡಿ. "ಮುದಿ ಯಂತ್ರ."

"ಜಾಲಿಸೋವರೆಗೆ ಬಂದ ಯಂತ್ರದಲ್ಲಿ ಸೋಪು ಒಣಗಿರುತ್ತೇನೋ? ಒಬ್ಬನೇ ಇದ್ದವನು ಎರಡು ಕಪ್ಪಲ್ಲಿ ಕಾಫಿ ಕುಡೀತಾನೇನೋ?"

ಬ್ರಾಡಿ ಟೋಪಿ ತೆಗೆದು ತಲೆ ಕೆರೆದುಕೊಂಡ.

"ಈ ಪಾತ್ರೆಗಳನ್ನ ಪ್ರಯೋಗಾಲಯಕ್ಕೆ ಕಳಿಸು. ಹಿಡಿಕೆ, ಗುಂಡಿ ಮೇಲಿನ ಬೆರಳಚ್ಚು ತೆಗೆಸು. ಇಲ್ಲಿ ಏನು ಸಿಕ್ತು ಅಂತ ಊರಲ್ಲಿ ಒಂದು ನರಪಿಳ್ಳೆಗೂ ಹೇಳಬೇಡ. ಹೇಳಿದರೆ ನಿನ್ನ ಸಾವಿನ ಸುದ್ದಿ ನಾನೇ ಬರೀತೀನಿ."

* * *

ಶವಸಂಸ್ಕಾರದ ಊಟ ಚರ್ಚಿನ ಕೆಳಕೋಣೆಯಲ್ಲಿ. ಹ್ಯಾಮ್ ಹಾಕಿದ ಬನ್ನು, ಜೆಲ್ಲಿ ಸಲಾಡ್, ನೀರು ಕಾಫಿ. ಎಲ್ಲರೂ ಅದೇ ಮಾತು: ಒಳ್ಳೆಯ ಮನುಷ್ಯ, ಒಳ್ಳೆಯ ಸಾವು. ನನಗೆ ಮೈ ಉರಿಯುತ್ತಿತ್ತು. ಅವರ ಬಾಯಿಗೆಲ್ಲ ಬನ್ನು ತುರುಕಬೇಕು ಅನ್ನಿಸುತ್ತಿತ್ತು.

ಪಾದ್ರಿ ಭಾಷಣ ಮಾಡುತ್ತಾ, "ಓರಿನ್ ತನ್ನ ತಾಯಿಯ ಐವತ್ತಾರರ ವಿಕ್‌ಲಂಡ್ ಯಂತ್ರವನ್ನು ಪ್ರೀತಿಯಿಂದ..." ಅಂದರು.

"ಐವತ್ತೈದು," ಅಂತ ಹಿಂದಿನ ಸಾಲಿನಿಂದ ಒಂದು ದನಿ ಬಂತು.

ಥರ್ಮನ್ ಕ್ವಾಮ್. ನಮ್ಮ ಜಿಲ್ಲೆಯಲ್ಲಿ ಹಳೇ ಡಿಶ್‌ವಾಷರ್ ಇಟ್ಟುಕೊಂಡವರ ಕೂಟದ ಹಿರಿಯ. ಅವನ ಗ್ಯಾರೇಜಿನಲ್ಲೂ ಒಂದು ಐವತ್ತೈದರ ವಿಕ್‌ಲಂಡ್ ಇದೆ. ಒಂದು ತಿರುಪು ಕೂಡ ಬದಲಾಗಿಲ್ಲ, ಕಾರ್ಖಾನೆಯಿಂದ ಬಂದ ಹಾಗೇ ಇದೆ ಅಂತ ಅವನ ಜಂಬ. ಕಸಿ ಮಾಡಿದ ಯಂತ್ರಗಳಿಗೆ ಅವನು ಇಟ್ಟ ಹೆಸರು ಬೆರಕೆ. ಸಾವಿನ ಊಟದಲ್ಲೂ ಪಾದ್ರಿಯನ್ನು ತಿದ್ದುವ ಆಸಾಮಿ. ಇನ್ನೊಬ್ಬರು ತಪ್ಪು ಹೇಳಿದರೆ ಅವನಿಗೆ ಮೈಮೇಲೆ ಜಿರಲೆ ಬಿಟ್ಟ ಹಾಗೆ.

ಹೋದ ಬೇಸಿಗೆಯ ಕೂಟದಲ್ಲಿ ಅವನ ಯಂತ್ರ ಸೋರಿತು. ಓರಿನ್ ಸಹಾಯಕ್ಕೆ ಅಂತ ತಳ ಬಿಚ್ಚಿ ನೋಡಿದ. ಒಳಗಿನ ಪಂಪು ಬೇರೆ ಮಾದರಿಯದ್ದು! ಯಾವ ಕಾಲದಲ್ಲೋ ಯಾರೋ ರಿಪೇರಿಯವನು ಹಾಕಿದ್ದು. ಓರಿನ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಥರ್ಮನ್, ನಿನ್ನ ಕನ್ಯೆಗೆ ಮೊದಲೇ ಒಂದು ಮದುವೆ ಆಗಿದೆಯಲ್ಲೋ!" ಅಂದ. ಕೂಟಕ್ಕೆ ಕೂಟವೇ ನಕ್ಕಿತು. ವರ್ಷವಿಡೀ ಆ ಮಾತು ಹೇಳಿಕೊಂಡು ನಗುತ್ತಿದ್ದರು. ಅಂದಿನಿಂದ ಥರ್ಮನ್ ಓರಿನ್ ಜೊತೆ ಮಾತು ಬಿಟ್ಟಿದ್ದ.

ಈಗ ಬಂದು ನನ್ನ ಕೈ ಹಿಡಿದ.

"ರಾಜಿ ಮಾಡ್ಕೋಬೇಕು ಅಂತಿದ್ದೆ, ಆರ್ಡಿಸ್. ಹೋದ ಬೇಸಿಗೆಯಿಂದ ಆ ಮನೆಗೆ ಕಾಲಿಟ್ಟಿಲ್ಲ. ಈಗ ಕೊರಗು ಉಳೀತು."

"ಯಂತ್ರ ಹೆಂಗಾಗಿದೆ ಅಂತ ನೋಡಲೇ ಇಲ್ವಾ?"

"ಎಲ್ಲಿಂದ ನೋಡಲಿ. ಬೆರಕೆ ಮಾಡಿರ್ತಾನೆ ಬಿಡು, ಪಾಪ."

ಆಗ ನನಗೆ ಅವನ ಮೇಲೆ ಅನುಮಾನ ಬರಲಿಲ್ಲ. ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ಅಷ್ಟೇ. ಅವನನ್ನು ನೋಡಿದವರಿಗೆಲ್ಲ ಹಾಗೇ ಅನ್ನಿಸುತ್ತದೆ.

ಆ ವಾರದ ಪತ್ರಿಕೆಯಲ್ಲಿ ಓರಿನ್ ಸುದ್ದಿ ಬರೆದೆ. ಸಾವಿನ ಕಾರಣ ಬರೆಯುವ ಜಾಗ ಖಾಲಿ ಬಿಟ್ಟೆ. ಸಂಪಾದಕ ಕೇಳಿದ್ದಕ್ಕೆ, "ಕಾರಣಕ್ಕೆ ಒಂದು ಹೆಸರಿದೆ. ಸಿಕ್ಕ ಮೇಲೆ ಹಾಕ್ತೀನಿ," ಅಂದೆ.

* * *

ಪ್ರಯೋಗಾಲಯದ ಉತ್ತರ ಬಂತು. ಬ್ರಾಡಿ ಈ ಸಲ ಟೋಪಿ ಕೈಯಲ್ಲಿ ಹಿಡಿದೇ ಬಂದ.

"ಒಂದು ಕಪ್ಪಲ್ಲಿ ಹೃದಯದ ಗುಳಿಗೆ. ಪುಡಿ ಮಾಡಿ ಬೆರೆಸಿದ್ದು. ಆನೆಗೂ ಸಾಕಾಗುವಷ್ಟು. ಓರಿನ್ ಅಂಕಲ್ ತಗೋತಿದ್ದ ಗುಳಿಗೆ ಅಲ್ಲ ಇದು."

ನಾನು ಅಡುಗೆಮನೆಯ ಕುರ್ಚಿಯಲ್ಲಿ ಕೂತೆ. ಅಳು ಬರಲಿಲ್ಲ. ಬಂದದ್ದು ದ್ವೇಷ. ಬಿಸಿಯಾಗಿ, ಗಟ್ಟಿಯಾಗಿ, ಎದೆಯ ನಡುವೆ. ನನಗೆ ನ್ಯಾಯ ಗೀಯ ಬೇಕಿರಲಿಲ್ಲ. ಇದನ್ನು ಮಾಡಿದವರ ಮುಖ ಕಪ್ಪಿಡುವುದನ್ನು ನನ್ನ ಕಣ್ಣಾರೆ ನೋಡಬೇಕಿತ್ತು.

"ಬೆರಳಚ್ಚು?"

"ಗುಂಡಿ ಮೇಲೆ ಒಂದು ಚೆನ್ನಾಗಿ ಸಿಕ್ಕಿದೆ. ನಮ್ಮ ದಾಖಲೆಯಲ್ಲಿರೋ ಯಾರದ್ದೂ ಅಲ್ಲ. ಯಾರ ಬೆರಳಿಗೆ ಹೋಲಿಸಬೇಕು ಅಂತ ನೀವು ಹೇಳಿ ಆಂಟಿ. ಆ ಗುಳಿಗೆ ಯಾರ ಮನೇಲಿದೆ ಅಂತ ಹುಡುಕಿದರೆ ಅರ್ಧ ಊರನ್ನ ಒಳಗೆ ಹಾಕಬೇಕು."

ನನಗೆ ಹೊಳೆದದ್ದು ಓರಿನ್ ಪಕ್ಕದ ಮನೆಯ ಜುನೆಲ್ ಓಡೆಗಾರ್ಡ್. ಅವಳ ಗಂಡ ತೀರಿಕೊಂಡಾಗ ಸುದ್ದಿ ಬರೆದವಳು ನಾನೇ. ಹೃದಯದ ರೋಗಿ. ಆ ಗುಳಿಗೆಗಳು ಮನೆಯಲ್ಲಿ ಉಳಿದೇ ಇರುತ್ತವೆ. ಜೊತೆಗೆ ಗಂಡ ಹೋದ ಮೇಲೆ ಅವಳು ದಿನವೂ ಸಂಜೆ ಓರಿನ್ ಮನೆಗೆ ಅಡುಗೆ ತುಂಬಿದ ಬಾಂಡಲೆ ಹೊತ್ತು ಹೋಗುತ್ತಿದ್ದಳು. ಅವನು ಮದುವೆಯ ಮಾತೆತ್ತಲಿಲ್ಲ ಅಂತ ಊರೇ ಆಡಿಕೊಳ್ಳುತ್ತಿತ್ತು.

ನೇರ ಅವಳ ಅಡುಗೆಮನೆಗೆ ನುಗ್ಗಿದೆ.

"ನನ್ನ ತಮ್ಮನಿಗೆ ಏನು ಕುಡಿಸಿದೆ ಜುನೆಲ್?"

ಅವಳ ಕೈಯಲ್ಲಿದ್ದ ಒರೆಸುವ ಬಟ್ಟೆ ಬಿತ್ತು.

"ಏನೇ ಹಂಗಂದ್ರೆ?"

"ನಿನ್ನ ಗಂಡನ ಗುಳಿಗೆ ಎಲ್ಲಿವೆ?"

"ಅವತ್ತೇ ಔಷಧಿ ಅಂಗಡಿಗೆ ವಾಪಸ್ ಕೊಟ್ಟೆ. ಬೇಕಿದ್ರೆ ಕೇಳಿಕೋ. ಆರ್ಡಿಸ್, ನಾನು ಅವನಿಗೆ...?" ಅವಳು ಗೋಡೆಗೆ ಒರಗಿದಳು. "ನಾನು ಆ ಶನಿವಾರ ಹೋಗಲೇ ಇಲ್ಲ ಕಣೇ. ಮಗಳ ಮನೇಲಿದ್ದೆ. ಹೋಗಿದ್ರೆ ಅವನು ಬದುಕಿರ್ತಿದ್ದ. ದಿನಾ ರಾತ್ರಿ ಅದೇ ನೆನೆಸ್ಕೊಂಡು ಸಾಯ್ತಿದೀನಿ, ನೀನು ಬಂದು ಹಿಂಗಂತೀಯಾ!"

ಬಿಕ್ಕಿಬಿಕ್ಕಿ ಅತ್ತಳು. ನಾನು ಕೂತು ಅವಳ ಅಳು ಕೇಳಿದೆ. ಸುಳ್ಳು ಅಳುವನ್ನು ನಾನು ಕೆಲಸದಲ್ಲಿ ಬೇಕಾದಷ್ಟು ಕೇಳಿದ್ದೇನೆ. ಇದು ಅದಲ್ಲ.

ಮೂಗು ಒರೆಸಿಕೊಂಡು ಅವಳು ಅಂದಳು, "ಊಟ ಆದ್ಮೇಲೆ ಇಬ್ಬರ ತಟ್ಟೆನೂ ಆ ಯಂತ್ರಕ್ಕೆ ಹಾಕೋದು ನನ್ನ ಕೆಲಸ. ಅವನಿಗೆ ಅದನ್ನ ಓಡಿಸಿ ತೋರಿಸೋದೇ ಖುಷಿ. ಮೊದಲ ಸಲ ಒಳ್ಳೇ ಆಟ ಆಡಿಸ್ದ. 'ತೊಳೆ' ಅಂತ ಇಟ್ಟೆ, ಸ್ವಲ್ಪ ಹೊತ್ತು ಗುಂಯ್ ಅಂತು, ಆಮೇಲೆ ತಟ್ಟೆನೆಲ್ಲ ಸುಟ್ಟು ಹಾಕ್ತು!"

"ಏನಂದೆ?"

"ಮುಳ್ಳು ಉಲ್ಟಾ ಕಣೇ. ಟೈಮರ್ ಬೇರೆ ಮಾದರಿಯದ್ದು ಹಾಕಿದ್ನಲ್ಲ, ಅದರಲ್ಲಿ ಗುಂಡಿ ಕೂರೋ ಕಡ್ಡಿ ಇನ್ನೊಂದು ಕಡೆ ಚಪ್ಪಟೆ ಇದೆ. ಅಮ್ಮನ ಗುಂಡಿನೇ ಇರಲಿ ಅಂತ ಅದನ್ನೇ ಸಿಕ್ಕಿಸಿದ. ಅರ್ಧ ಸುತ್ತು ತಿರುಗಿ ಕೂತಿದೆ. 'ಒಣಗಿಸು' ಅಂತ ಇಟ್ಟರೆ ತೊಳೆಯುತ್ತೆ. 'ತೊಳೆ' ಅಂತ ಇಟ್ಟರೆ ಒಣಗಿಸುತ್ತೆ. ಚಳಿಗಾಲದಿಂದ ಹಂಗೇ ಇದೆ. ಬಂದೋರಿಗೆಲ್ಲ ಹೇಳ್ಕೊಂಡು ನಗ್ತಿದ್ದ."

"ಹಂಗಾದ್ರೆ ಕೆಲಸ ಮುಗಿದು ನಿಂತಾಗ ಮುಳ್ಳು ಎಲ್ಲಿರುತ್ತೆ?"

"'ಜಾಲಿಸು' ಹತ್ತಿರ."

ನಾನು ಎದ್ದು ನಿಂತೆ.

"ಹಿಡಿಕೆ? ಮೇಲಕ್ಕೆ ಎತ್ತೋ ಹಿಡಿಕೆ ಯಾವಾಗ ಹಾಕಿದ್ದು?"

"ಅದಾ? ಆ ಶುಕ್ರವಾರ ತಾನೇ ಹಾಕ್ದ. ಹೋಟೆಲಿನ ಯಂತ್ರದ್ದಂತೆ. ಎತ್ತಿದರೇನೇ ತೆಗೆಯುತ್ತೆ, ಎತ್ತಿದರೇನೇ ಮುಚ್ಚುತ್ತೆ. ನಾನೊಬ್ಬಳೇ ನೋಡಿದ್ದು. ಮಾರನೇ ದಿನ ಸತ್ತೇಹೋದ."

ನಾನು ಜುನೆಲ್‌ಳ ಕೆನ್ನೆಗೆ ಮುತ್ತು ಕೊಟ್ಟೆ. ಅವಳಿಗೆ ತಲೆಬುಡ ಅರ್ಥವಾಗಲಿಲ್ಲ.

* * *

"ಕೇಳು ಬ್ರಾಡಿ," ಅಂದೆ. "ವಿಷದ ಕಪ್ಪನ್ನ ಕೈಯಲ್ಲಿ ತೊಳೆಯದೆ ಯಂತ್ರಕ್ಕೆ ಹಾಕೋರು ಯಾರು?"

"ಸೋಮಾರಿಗಳು."

"ಅಲ್ಲ ಕಣೋ. ಡಿಶ್‌ವಾಷರ್ ಕೂಟದವರು. ಕೈಯಲ್ಲಿ ಪಾತ್ರೆ ತೊಳೆಯೋದು ಅಂದ್ರೆ ಅವರಿಗೆ ಮರ್ಯಾದೆ ಕಡಿಮೆ. ಎದುರಿಗೆ ಯಂತ್ರ ಇದ್ದರೆ ಕೈ ತಾನಾಗೇ ಹೋಗುತ್ತೆ. ಸೋಪು, ಕುದಿಯೋ ನೀರು, ಕಲೆ ಉಳಿಯಲ್ಲ ಅಂತ ನಂಬಿಕೆ. ಇವನು 'ತೊಳೆ' ಅಂತ ಇಟ್ಟ. ಗುಂಯ್ ಅಂತು. ಹೊರಟ. ಅದು ಕಪ್ಪನ್ನ ತೊಳೀಲಿಲ್ಲ, ಸುಟ್ಟು ನಮಗೋಸ್ಕರ ಎತ್ತಿಟ್ಟಿತು."

"ಸರಿ. ಕೂಟದವರಲ್ಲಿ ಯಾರು?"

"ಚಳಿಗಾಲದಿಂದ ಓರಿನ್ ಮನೆಗೆ ಹೋದೋರಿಗೆಲ್ಲ ಮುಳ್ಳಿನ ಕಥೆ ಗೊತ್ತು. ಗೊತ್ತಿಲ್ಲದೋನು ಅಲ್ಲಿಗೆ ಹೋಗ್ತಾ ಇರಲಿಲ್ಲ. ಆದರೆ ಆ ಶನಿವಾರ ಹೋಗಿದ್ದ. ಬಾಗಿಲು ಸರಿಯಾಗಿ ಮುಚ್ಚಿತ್ತಲ್ಲ? ಅಂದ್ರೆ ಹೊಸ ಹಿಡಿಕೆ ಗೊತ್ತಿತ್ತು, ಅವತ್ತೇ ಓರಿನ್ ಎತ್ತೋದು ನೋಡಿರಬೇಕು. ಮುಳ್ಳು ಗೊತ್ತಿರಲಿಲ್ಲ. ಈಗ ಹೇಳು, ಹೋದ ಬೇಸಿಗೆಯಿಂದ ಆ ಮನೆಗೆ ಕಾಲಿಟ್ಟಿಲ್ಲ ಅಂತ ಶವಸಂಸ್ಕಾರದ ಊಟದಲ್ಲಿ ನನ್ನ ಕೈ ಹಿಡಿದು ಹೇಳಿದೋನು ಯಾರು?"

ಬ್ರಾಡಿ ಶಿಳ್ಳೆ ಹಾಕಿದ. ಆಮೇಲೆ ತಲೆ ಅಲ್ಲಾಡಿಸಿದ. "ಇಷ್ಟಕ್ಕೇ ಬೆರಳಚ್ಚು ಕೊಡು ಅಂತ ಅವನನ್ನ ಎಳ್ಕೊಂಡು ಬರೋಕಾಗಲ್ಲ ಆಂಟಿ. ವಕೀಲರನ್ನ ಕರೆಸ್ತಾನೆ."

"ಎಳೆಯಬೇಡ. ಬೇಸಿಗೆ ಕೂಟ ಅವನ ಗ್ಯಾರೇಜಲ್ಲೇ ಇದೆ. ಮಾಮೂಲಿ ಬಟ್ಟೆ ಹಾಕ್ಕೊಂಡು ಬಾ. ಕೇಕು ತಿನ್ನುತ್ತಾ ನಿಂತಿರು."

* * *

ಕೂಟದ ಪದ್ಧತಿ ಸರಳ. ಪ್ರತಿಯೊಬ್ಬರೂ ಕೊಳಕು ಪಾತ್ರೆ ತರಬೇಕು. ಮೊಟ್ಟೆ, ಗಂಜಿ ಒಣಗಿ ಅಂಟಿರಬೇಕು. ಮನೆಯಲ್ಲಿ ಒಂದು ಸಲ ನೀರಿಗೆ ಅದ್ದಿ ತಂದರೂ ಮೋಸ. ಆಮೇಲೆ ಯಂತ್ರಗಳನ್ನು ಓಡಿಸಿ, ಯಾರ ತಟ್ಟೆ ಹೊಳೆಯಿತು ಅಂತ ನೋಡುತ್ತಾರೆ. ದೊಡ್ಡ ಗಂಡಸರು, ಮಧ್ಯಾಹ್ನದ ಬಿಸಿಲಲ್ಲಿ, ತಟ್ಟೆ ಎತ್ತಿ ಹಿಡಿದು ಕಣ್ಣು ಕಿರಿದು ಮಾಡುತ್ತಾರೆ.

ಅಮ್ಮನ ಯಂತ್ರವನ್ನು ಟ್ರಕ್ಕಿನಲ್ಲಿ ಹೇರಿಸಿ ತಂದಿದ್ದೆ. ಥರ್ಮನ್‌ನ ವಿಕ್‌ಲಂಡ್ ಪಕ್ಕದಲ್ಲೇ ಇಳಿಸಿದರು. ನೀರಿನ ಕೊಳವೆ ಜೋಡಿಸಿದರು. ಬಾಗಿಲು ಮುಚ್ಚಿತ್ತು.

"ಓರಿನ್ ನೆನಪಿಗೆ ಇವತ್ತು ಇದನ್ನ ಓಡಿಸಬೇಕು," ಅಂದೆ. "ಯಾರಾದರೂ ಬಾಗಿಲು ತೆಗೀರಪ್ಪ."

ಒಬ್ಬ ಬಂದ. ಹಿಡಿಕೆ ಕೆಳಗೆ ಒತ್ತಿ ಎಳೆದ. ಆಗಲಿಲ್ಲ. ಇನ್ನೊಬ್ಬ ಬಂದ. ಒತ್ತಿದ, ಎಳೆದ, ಬೆವರಿದ. ಮೂರನೆಯವನು ಎರಡೂ ಕೈ ಹಾಕಿ ಒತ್ತಿದ. ಎಲ್ಲರೂ ಐವತ್ತೈದರ ವಿಕ್‌ಲಂಡ್ ಬಲ್ಲವರು. ಎಲ್ಲರ ಕೈಯೂ ಕೆಳಕ್ಕೇ ಹೋಗುತ್ತಿತ್ತು.

ಥರ್ಮನ್ ದೂರದಲ್ಲಿ ನಿಂತು ತುಟಿ ಕಚ್ಚುತ್ತಿದ್ದ. ಇನ್ನೊಬ್ಬರ ದಡ್ಡತನ ನೋಡುತ್ತಾ ಸುಮ್ಮನಿರುವುದು ಅವನಿಂದ ಆಗದು. ನಾನು ಅದನ್ನೇ ಕಾಯುತ್ತಿದ್ದೆ.

"ಸರೀರಿ ಆಚೆ. ಮುರಿದು ಹಾಕ್ತೀರಿ," ಅಂತ ಬಂದ. ಹಿಡಿಕೆ ಮೇಲಕ್ಕೆ ಎತ್ತಿದ. ಬಾಗಿಲು ತೆರೆದುಕೊಂಡಿತು.

ಬ್ರಾಡಿ ಕೇಕು ಜಗಿಯುವುದನ್ನು ನಿಲ್ಲಿಸಿದ.

"ನೀನೇ ಓಡಿಸು ಥರ್ಮನ್. ನಿನ್ನಷ್ಟು ತಿಳಿದೋರು ಯಾರಿದಾರೆ."

ಕೊಳಕು ಕಪ್ಪು, ತಟ್ಟೆ ತುಂಬಿದ. ಸೋಪಿನ ಪುಡಿ ಹಾಕಿದ. ಬಾಗಿಲು ಮುಚ್ಚಿ ಹಿಡಿಕೆ ಎತ್ತಿ ಕೂರಿಸಿದ. ಮುಳ್ಳನ್ನು 'ತೊಳೆ' ಕಡೆಗೆ ತಿರುಗಿಸಿದ. ಓರಿನ್ ಮನೆಗೆ ಹೋಗುತ್ತಿದ್ದ ಇಬ್ಬರು ಮೊಣಕೈಯಲ್ಲಿ ತಿವಿದುಕೊಂಡು ಕಿಸಕ್ಕನೆ ನಕ್ಕರು. ನಾನು ಅವರತ್ತ ಕಣ್ಣು ಬಿಟ್ಟೆ. ತೆಪ್ಪಗಾದರು.

ಗುಂಯ್ ಅಂತು ಯಂತ್ರ.

"ಇದು ಹಳೇ ನೀರು ಹೊರಗೆ ಹಾಕೋ ಸದ್ದು," ಅಂತ ಥರ್ಮನ್ ಪಾಠ ಶುರುಮಾಡಿದ. "ಈಗ ಹೊಸ ನೀರು ತುಂಬುತ್ತೆ, ಕೇಳಿ."

ಎಲ್ಲರೂ ಕಿವಿಗೊಟ್ಟರು. ನೀರು ಬರಲಿಲ್ಲ. ಗುಂಯ್ ಅನ್ನುವುದೂ ನಿಂತಿತು. ಸ್ವಲ್ಪ ಹೊತ್ತಿಗೆ ಸುಟ್ಟ ಮೊಟ್ಟೆಯ ವಾಸನೆ ಬಂತು.

ಥರ್ಮನ್ ಮುಖದಲ್ಲಿ ಮೊದಲು ಬಂದದ್ದು ಕಸಿವಿಸಿ. ಆಮೇಲೆ ಲೆಕ್ಕಾಚಾರ. ಆಮೇಲೆ ಬಣ್ಣವೇ ಇಳಿದುಹೋಯಿತು. ಆ ಮುಖವನ್ನು ನಾನು ತಿಂಗಳುಗಟ್ಟಲೆ ಕನಸಿನಲ್ಲಿ ಕಂಡಿದ್ದೆ. ಎದುರಿಗೆ ಇನ್ನೂ ಚೆನ್ನಾಗಿತ್ತು.

"ನೀರು ಬರಲ್ಲ ಥರ್ಮನ್," ಅಂದೆ. "ಟೈಮರ್ ಬೇರೆ ಮಾದರಿಯದ್ದು. 'ತೊಳೆ' ಅಂದ್ರೆ ಇದು ಒಣಗಿಸುತ್ತೆ. ಆ ಶನಿವಾರಾನೂ ಹಿಂಗೇ ಗುಂಯ್ ಅಂದಿದ್ದು ಕೇಳಿ ಹೊರಟುಹೋದೆ. ಸ್ವಲ್ಪ ಹೊತ್ತು ನಿಂತಿದ್ರೆ ಗೊತ್ತಾಗ್ತಿತ್ತು. ಸಾಯ್ತಾ ಇರೋನ ಪಕ್ಕ ನಿಲ್ಲೋಕೆ ನಿನ್ನ ಕೈಲಾಗಲಿಲ್ಲ."

"ಏನು ಬೊಗಳ್ತಿದೀಯ? ನಾನು ಆ ಮನೆಗೆ..."

"ಮಾರನೇ ದಿನ ನಾನೇ ಬಾಗಿಲು ತೆಗೆದೆ. ಸುಟ್ಟ ಕಾಫಿ ಹಂಗೇ ಅಂಟಿತ್ತು. ಸಾಲಾಗಿ ಮೂರು ಕಪ್ಪು."

"ಮೂರಲ್ಲ, ಎರಡು!"

ಎಲ್ಲರೂ ಅವನತ್ತ ತಿರುಗಿದರು.

ಬಾಯಿಂದ ಜಾರಿದ ಮಾತಿನ ಹಿಂದೆ ಅವನ ಕೈ ಬಾಯಿಗೆ ಹೋಯಿತು. ತಡವಾಗಿತ್ತು. ಜೀವ ಹೋದರೂ ಇನ್ನೊಬ್ಬರ ತಪ್ಪು ತಿದ್ದದೆ ಇರಲಾರ ಅಂತ ನನಗೆ ಗೊತ್ತಿತ್ತು.

"ಎರಡೇ," ಅಂದೆ. "ಅದು ಗೊತ್ತಿರೋದು ನನಗೆ, ಬ್ರಾಡಿಗೆ, ಪ್ರಯೋಗಾಲಯಕ್ಕೆ. ಮತ್ತೆ ಅವನ್ನ ಒಳಗಿಟ್ಟೋನಿಗೆ."

ಬ್ರಾಡಿ ಕೇಕಿನ ತಟ್ಟೆ ಕೆಳಗಿಟ್ಟು ಬಂದ. "ಬನ್ನಿ ಥರ್ಮನ್ ಅಂಕಲ್. ಬೆರಳಚ್ಚು ಕೊಡಬೇಕು."

ಥರ್ಮನ್ ನನ್ನನ್ನೇ ನೋಡಿದ. "ನಕ್ಕುಬಿಟ್ಟ ಅವನು," ಅಂದ. "ಎಲ್ಲರ ಮುಂದೆ. ವರ್ಷವಿಡೀ ನಗಿಸಿದ. ರಾಜಿಗೆ ಅಂತ ಬನ್ನು ತಗೊಂಡು ಹೋದ್ರೆ, ಅವತ್ತೂ ಪಂಪಿನ ಕ್ಷೇಮಸಮಾಚಾರ ಕೇಳಿದ."

"ಜೇಬಲ್ಲಿ ಗುಳಿಗೆ ಪುಡಿ ಇಟ್ಕೊಂಡು ರಾಜಿಗೆ ಹೋದೆಯಾ?"



* * *

ಗುಂಡಿಯ ಮೇಲಿನ ಬೆರಳಚ್ಚು ಅವನದ್ದೇ. ಗುಳಿಗೆಯೂ ಅವನು ದಿನಾ ನುಂಗುವುದೇ. ಆ ವಾರದ ಪತ್ರಿಕೆಯಲ್ಲಿ ಓರಿನ್ ಸುದ್ದಿಯನ್ನು ಮತ್ತೆ ಹಾಕಿದೆ. ಖಾಲಿ ಬಿಟ್ಟಿದ್ದ ಜಾಗದಲ್ಲಿ ಥರ್ಮನ್ ಕ್ವಾಮ್ ಅಂತ ಪೂರ್ತಿ ಹೆಸರು ಬರೆದೆ.

ನನಗೆ ಅಷ್ಟು ಸಾಕಾಗಲಿಲ್ಲ. ಅವನ ತಂಗಿಯ ಮಗಳು ಗ್ಯಾರೇಜು ಖಾಲಿ ಮಾಡುತ್ತಿದ್ದಳು. ಆ ವಿಕ್‌ಲಂಡ್ ಬೇಕಿದ್ದರೆ ತಗೊಂಡು ಹೋಗಿ ಆಂಟಿ ಅಂದಳು. ತಂದೆ. ತಿರುಪು ತಿರುಪು ಬಿಚ್ಚಿದೆ. ಜುನೆಲ್ ಜೊತೆಗಿದ್ದಳು. ನಮ್ಮಿಬ್ಬರಿಗೂ ಅಷ್ಟು ಖುಷಿಯಾದ ಮಧ್ಯಾಹ್ನ ಆ ವರ್ಷ ಇನ್ನೊಂದಿಲ್ಲ.

ಆಮೇಲೆ ಜೈಲಿಗೆ ಹೋದೆ. ಗಾಜಿನ ಆಚೆ ಅವನು, ಈಚೆ ನಾನು. ಒಂದೊಂದಾಗಿ ಹೇಳಿದೆ. ಮೋಟಾರು ಅವನಿಗೆ ಆಗದವನೊಬ್ಬನ ಯಂತ್ರಕ್ಕೆ ಹೋಯಿತು. ತಟ್ಟೆಯ ಜಾಲರಿ ಯಾರದೋ ಕೋಳಿಗೂಡಿಗೆ. ಬಾಗಿಲು ಜುನೆಲ್ ಮನೆಯ ಹಸಿರು ಬಣ್ಣದ ಯಂತ್ರಕ್ಕೆ, ಬಣ್ಣ ಹೊಂದುವುದೇ ಇಲ್ಲ.

"ಟೈಮರ್?" ಅಂದ. "ಅದನ್ನ ನಿಮ್ಮಮ್ಮನ ಯಂತ್ರಕ್ಕೆ ಹಾಕಿದ್ಯಾ? ಅದು ಮೂಲದ್ದು. ಅದು ಹಾಕಿದ್ರೆ ಮುಳ್ಳು ಸರಿಹೋಗುತ್ತೆ."

"ಅದನ್ನ ಗುಜರಿಗೆ ಹಾಕ್ದೆ. ನನಗೆ ಆ ಉಲ್ಟಾ ಮುಳ್ಳೇ ಇರಲಿ. ನನ್ನ ತಮ್ಮ ಇಟ್ಟಿದ್ದು. ನಿನ್ನನ್ನ ಹಿಡಿದುಕೊಟ್ಟಿದ್ದು."

ಅವನು ಕಣ್ಣು ಒರೆಸಿಕೊಳ್ಳಲು ಕೈ ಎತ್ತಿದ. ಕೆಂಪಗೆ ಬಾತಿತ್ತು. ಬೆರಳ ತುದಿಯೆಲ್ಲ ಸುಕ್ಕು. ಅಂಥ ಕೈ ನೋಡುತ್ತಲೇ ನಾನು ಬೆಳೆದದ್ದು.

"ಅಡುಗೆಮನೆ ಕೆಲಸ ಕೊಟ್ಟಿದಾರಾ?" ಅಂತ ಕೇಳಿದೆ. "ಯಂತ್ರ ಇಲ್ವಾ ಇಲ್ಲಿ?"

"ಕೆಟ್ಟಿದೆ," ಅಂದ. "ಬಿಡಿಭಾಗ ಸಿಗಲ್ಲವಂತೆ."

ಕೈಯನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡ. ನಾನು ಕೋಟು ಹಾಕಿಕೊಂಡು ಎದ್ದೆ. ಮನೆಗೆ ಹೋಗಿ, ಮುಳ್ಳನ್ನು 'ಒಣಗಿಸು' ಕಡೆಗೆ ತಿರುಗಿಸಿ, ಬೆಳಗಿನ ಕಾಫಿ ಕಪ್ಪು ತೊಳೆಯಬೇಕಿತ್ತು.